ಇರುವೆ ಕಚ್ಚಿದ ಹಾಗೆ

ಯಾವ ಇರುವೆ ಅಂತ ಯಾರೂ ಹೇಳಿರಲಿಲ್ಲ.

ಮಂಡ್ಯದ ಬೆಲ್ಲದ ಮಂಡಿಯಲ್ಲಿ ಹತ್ತೊಂಬತ್ತು ವರ್ಷ
ಲೆಕ್ಕ ಬರೆದವಳು ನಾನು,
ಇರುವೆಗಳ ಜಾತಿ ನನಗೆ ಗೊತ್ತು.
ಗೊದ್ದ ಕಚ್ಚುವುದು ಬೇರೆ, ಕೆಂಜಿಗ ಬೇರೆ.
ಅಚ್ಚುಬೆಲ್ಲದ ಸಂದಿಯ ಸಣ್ಣ ಕಪ್ಪಿರುವೆ
ಕಚ್ಚುವುದೇ ಇಲ್ಲ, ಬರೀ ಓಡಾಡುತ್ತದೆ.

ಮೊದಲ ಹೆರಿಗೆಯಲ್ಲಿ, ಮರಗಟ್ಟಿಸದೆ ಹೊಲಿಗೆ ಹಾಕುವಾಗ
"ಇರುವೆ ಕಚ್ದಂಗೆ, ಅಷ್ಟೇಯ" ಅಂದಿದ್ದರು.
ಕಾಪರ್-ಟಿ ಹಾಕುವಾಗ ಮತ್ತದೇ ಇರುವೆ.
ಕೂಗಿದ್ದಕ್ಕೆ ಆಯಾ ತೊಡೆಗೆ ಒಂದು ಬಿಟ್ಟು
"ಹೆತ್ತೋಳಲ್ವಾ ನೀನು, ಒಸಿ ತಡ್ಕೊ" ಅಂದಳು.
ತಡಕೊಂಡೆ.
ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಈಗ ನಲವತ್ತೇಳು. ತಿಂಗಳಿಗೆರಡು ಸಲ ಮುಟ್ಟು.
ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡಬೇಕು,
ಚೂರು ಚಿವುಟಿ ಪರೀಕ್ಷೆಗೆ ಕಳಿಸಬೇಕು,
ದಮ್ಮಿನವಳನ್ನು ಪೂರ್ತಿ ಮಲಗಿಸುವುದು ಬೇಡ, ಅಂದರು.
ಏಳೆಂಟು ನಿಮಿಷದ ಕೆಲಸ. ಎಚ್ಚರವಾಗಿಯೇ.
ನೂರಡಿ ರಸ್ತೆಯ ಆಸ್ಪತ್ರೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ
ಹಳೆಯ ಇರುವೆ ಕಾಲು ಹತ್ತಿತ್ತು.

ಒಂದು ಗಂಟೆ ಮೊದಲೇ ಮಾತ್ರೆ ನುಂಗಿಸಿದ್ದರು.
ಸಿಸ್ಟರ್ ಜೆಸಿಂತಾ ತಣ್ಣನೆಯ ನಾಲ್ಕು ಪಟ್ಟಿ ಅಂಟಿಸಿದಳು,
ಸೊಂಟದ ಮೇಲೆರಡು, ಕೆಳಗೆರಡು,
ಪಟ್ಟಿಗೊಂದು ವೈರು, ವೈರುಗಳೆಲ್ಲ ಸೇರಿದ್ದು
ಅಂಗೈಯಗಲದ ಒಂದು ಡಬ್ಬಿಗೆ.
"ಕರೆಂಟಾ?" ಅಂದೆ.
ಪಂಪ್‌ಸೆಟ್ಟಿನ ಸ್ಟಾರ್ಟರು ನನ್ನಣ್ಣನ ಎರಡು ಬೆರಳು ತಿಂದಿದೆ.
"ಆ ಕರೆಂಟಲ್ಲ, ಸೆಲ್ಲಿಂದು" ಎಂದು
ಡಬ್ಬಿಯನ್ನು ನನ್ನ ಕೈಗೇ ಇಟ್ಟಳು.
"ಈ ತಿರುಪು ನಿಮ್ಮದು. ಹೆಚ್ಚು ಕಡಿಮೆ ಎಲ್ಲ ನೀವೇ. ನಾನು ಮುಟ್ಟಲ್ಲ."

ತಿರುಗಿಸಿದೆ.
ಬಂದವು.
ಒಂದಲ್ಲ, ನೂರಲ್ಲ, ಮಳೆಗೆ ಮುಂಚೆ ಗೂಡು ಬಿಟ್ಟು ಹೊರಟ ಹಾಗೆ
ಬೆನ್ನ ತುಂಬ ಸಣ್ಣ ಕಪ್ಪಿರುವೆ, ಕಚ್ಚದ ಜಾತಿ,
ಜುಮುಜುಮು ಓಡಾಡಿದವು.
ಇಷ್ಟು ವರ್ಷ ಹೇಳಿದ ಸುಳ್ಳು
ಕೊನೆಗೂ ನಿಜವಾಗಿ ಬಂದು ನನ್ನ ಪಕ್ಷ ಸೇರಿತ್ತು.
ನಗು ಬಂತು.
"ಇನ್ನೂ ಶುರುವೇ ಮಾಡಿಲ್ವಲ್ಲಮ್ಮ" ಅಂದರು ಡಾಕ್ಟರು.

ಕಬ್ಬು ಅರೆಯುವ ಕಾಲದಲ್ಲಿ ಫ್ಯಾಕ್ಟರಿ ರಸ್ತೆ ನೋಡಿದ್ದೀರಲ್ಲ,
ಗೇಟಿನಿಂದ ಹಿಂದಕ್ಕೆ ಟ್ರ್ಯಾಕ್ಟರು, ಎತ್ತಿನ ಗಾಡಿ, ಲಾರಿ, ಮತ್ತೆ ಟ್ರ್ಯಾಕ್ಟರು.
ಹಿಂದಿದ್ದವನು ಹಾರನ್ನು ಒತ್ತುತ್ತಲೇ ಇರುತ್ತಾನೆ.
ನೋವು ಅಲ್ಲೆಲ್ಲೋ ಸಿಕ್ಕಿಕೊಂಡಿತ್ತು.
ಹಾರನ್ನು ಕೇಳುತ್ತಿತ್ತು.

ಸುಳ್ಳು ಹೇಳಬಾರದು, ಒಂದು ಸಲ ನುಗ್ಗಿತು.
ಚಿವುಟುವ ಹೊತ್ತಿಗೆ, ಎರಡು ಟ್ರ್ಯಾಕ್ಟರಿನ ಸಂದಿಯಲ್ಲಿ
ಬೈಕಿನವನು ನುಸುಳುವ ಹಾಗೆ, ಕಿಬ್ಬೊಟ್ಟೆಯಿಂದ ಮೊಣಕಾಲಿಗೆ.
"ನಿಲ್ಲಿಸಿ" ಅಂದೆ.
ನಿಲ್ಲಿಸಿದರು.
ಇದನ್ನು ಇನ್ನೊಮ್ಮೆ ಬರೆಯುತ್ತೇನೆ: ನಿಲ್ಲಿಸಿದರು.
ಕೈ ಹಿಂದೆ ತೆಗೆದು, ಮಾಸ್ಕಿನ ಮೇಲಿಂದ ನನ್ನನ್ನೇ ನೋಡುತ್ತ ಕಾದರು.
ಗೋಡೆ ಗಡಿಯಾರ. ಹೊರಗೆಲ್ಲೋ
ಮಳವಳ್ಳಿ ಮಳವಳ್ಳಿ ಅನ್ನುವ ಕಂಡಕ್ಟರು.
ತಿರುಪನ್ನು ನಾನೇ ಎರಡು ಗೀಟು ಮುಂದಕ್ಕೊಯ್ದು
ಉಸಿರು ಬಿಟ್ಟು
ಹೂಂ ಅಂದೆ.

ಬೆಂಚಿನ ಮೇಲೆ ಕೆಂಪಮ್ಮಣ್ಣಿ, ನನ್ನ ನಂತರದ ಚೀಟಿ,
ಸೆರಗಿನ ತುದಿಯನ್ನು ಹಗ್ಗದ ಹಾಗೆ ಹೊಸೆಯುತ್ತಿದ್ದಳು.
"ನೋಯ್ತದಾ ಅಕ್ಕ?"
ನಾಲಿಗೆ ತುದಿಗೇ ಬಂದಿತ್ತು ಆ ಇರುವೆ. ನುಂಗಿಕೊಂಡೆ.
"ನೋಯ್ತದೆ ಕಣವ್ವ. ಹತ್ತು ಕೆಜಿ ಅಂದ್ಕೊಂಡು ಹೋಗಿದ್ದೆ,
ತೂಗಿದಾಗ ಮೂರೂಕಾಲು ಬಂತು.
ತಿರುಪು ನಿನ್ನ ಕೈಗೇ ಕೊಡ್ತಾರೆ.
ಕೊಡದಿದ್ರೆ ಕೇಳು."

ರಿಪೋರ್ಟು ಗುರುವಾರ.
ರಾತ್ರಿ ನೀರು ಹುಯ್ದುಕೊಳ್ಳುವಾಗ ಬೆನ್ನಲ್ಲಿ
ಪಟ್ಟಿಯ ಅಂಟು ನಾಲ್ಕು ಕಡೆ ಕೈಗೆ ಸಿಕ್ಕಿತು.
ಮೂರನ್ನು ಉಜ್ಜಿ ತೆಗೆದೆ.