ಎತ್ತಿನ ಬಂಡಿಯ ಕಾಲಂ

ಗಿಣಿಗೇರಿ ದಾಟಿದ ಮೇಲಿನ ಕ್ರಾಸಿನಲ್ಲಿ, ಜಾಲಿಯ ನೆರಳಿಗೆ
ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮೂರು ಹಗಲು, ಮೂರು ರಾತ್ರಿ
ಗಾಡಿ ಎಣಿಸಿದವ ನಾನು. ದಿನಕ್ಕೆ ನಾನೂರು, ಊಟ ಬೇರೆ.
ನಾಲ್ಕು ಗೀಟು, ಅಡ್ಡಕ್ಕೊಂದು ಗೀಟು: ಐದು ಲಾರಿ.
ಮಧ್ಯಾಹ್ನದೊಳಗೆ ಹಾಳೆ ಅದಿರಿನ ಬಣ್ಣಕ್ಕೆ ತಿರುಗುತ್ತಿತ್ತು.

ಲಾರಿಗೊಂದು ಕಾಲಂ, ಬಸ್ಸಿಗೊಂದು,
ಟ್ರ್ಯಾಕ್ಟರು, ಟಂಟಂ, ಬೈಕು, ಸೈಕಲ್ಲು,
ಕೊನೆಗೆ ಎತ್ತಿನ ಬಂಡಿ.
ಅಲ್ಲಿಗೆ ಹಾಳೆ ಮುಗಿಯುತ್ತದೆ.

ಪಾಳಿ ಬಿಡುವ ಹೊತ್ತಿಗೆ ಗಾಳೆಮ್ಮ,
ಸೆರಗು ಹಲ್ಲಲ್ಲಿ ಕಚ್ಚಿ, ಎರಡು ಲಾರಿಗಳ ಸಂದಿನಿಂದ
ಈಚೆ ಬಂದು ಬುತ್ತಿಗಂಟು ಇಳಿಸಿದಳು.
'ಬರಕೊಂಡ್ಯೇನೋ ತಮ್ಮಾ ನನ್ನ?'
ನಿನಗ ಮನೀನ ಇಲ್ಲಬೇ ಇದರಾಗ, ಅಂದೆ.
ಬಗ್ಗಿ ನೋಡಿದಳು. ಅಕ್ಷರ ಬಾರದಿದ್ದರೂ
ಖಾಲಿ ಮನೆ ಯಾವುದೆಂದು ಕಂಡಿತು ಅವಳಿಗೆ.
'ಅದ್ಯಾರದು?'
ಎತ್ತಿನ ಬಂಡೀದು.
'ಊರಾಗ ಬಂಡಿ ಇರೋವು ಎರಡ. ಹಾಕು ಅದರಾಗ.
ನಾನೂ ಹೇರು ಎಳದಾಕೀನ.'

ಹಾಕಿದೆ. ಆಮೇಲೆ ಕೈ ನಿಲ್ಲಲಿಲ್ಲ.
ಸ್ಪಾಂಜ್ ಐರನ್ನಿನ ಕೂಲಿಗಳು, ಅಂಗನವಾಡಿಯ ಚಿಳ್ಳೆಪಿಳ್ಳೆ,
ಕುಂಟುವ ಯಮನೂರಪ್ಪ (ನಿನಗ ಅರ್ಧ ಗೀಟು ಸಾಕಲ್ಲ ಕಾಕಾ
ಎಂದು ಬೈಸಿಕೊಂಡೆ).
ಒಟ್ಟು ಎಂಟುನೂರ ಹದಿನಾಲ್ಕು ಎತ್ತಿನ ಬಂಡಿ.
ಸೂಪರ್‌ವೈಸರ್ ನೋಡದೆ ಸಹಿ ಹಾಕಿದ.

ನಾಲ್ಕು ವರ್ಷಕ್ಕೆ ಸೇತುವೆ ಎದ್ದಿತು. ಮೇಲಿನಿಂದ
ನೋಡಿದವರು ಚಕ್ಕುಲಿ ಅನ್ನುತ್ತಾರೆ.
ಬಲಕ್ಕೆ ಹೋಗುವವ ಎಡಕ್ಕೆ ಹೊರಳಿ, ಸುತ್ತಿ,
ತಾನು ಬಂದ ದಾರಿಯನ್ನೇ ದಾಟಬೇಕು;
ಕೊಪ್ಪಳಕ್ಕೆಂದು ಬೈಕು ಹತ್ತಿಸಿದ ನಾನು
ಮೊದಲ ಸಲ ಇಳಿದದ್ದು ಹಿಟ್ನಾಳದಲ್ಲಿ.
ಲಾರಿಗಳು ಈಗ ನಿಲ್ಲುವುದಿಲ್ಲ. ಹಾರ್ನು ಕೂಡ ಕಡಿಮೆ.

ಊರು ಆಚೆ, ಫ್ಯಾಕ್ಟರಿ ಈಚೆ,
ನಡುವೆ ಮೂರಾಳೆತ್ತರದ ಮಣ್ಣಿನ ಏರಿ.
ಏರಿಯ ಬುಡದಲ್ಲೊಂದು ಕಾಂಕ್ರೀಟಿನ ಬಿಲ,
ಬಿಲದ ಬಾಯಿಗೆ ಹಸಿರು ಬೋರ್ಡು:
ಜಾನುವಾರು ಮತ್ತು ಎತ್ತಿನ ಬಂಡಿಗಳಿಗೆ.

ನನ್ನ ಗೀಟುಗಳಿಂದ ಬಂತೋ,
ಎಲ್ಲ ಕಡೆಯೂ ಹೀಗೇ ಒಂದು ಇಡುತ್ತಾರೋ,
ಯಾರನ್ನೂ ಕೇಳಿಲ್ಲ ನಾನು.

ಮೊನ್ನೆ ಸಂಜೆ ಅದರೊಳಗೆ ನಿಂತಿದ್ದೆ.
ಮೊಣಕಾಲಿನವರೆಗೆ ಕೆಂಪು ನೀರು.
ಪಾಳಿ ಬಿಟ್ಟವರು ಚಪ್ಪಲಿ ಕೈಯಲ್ಲಿ ಹಿಡಿದು, ಮೊಬೈಲಿನ ಬೆಳಕಲ್ಲಿ
ಬಂದರು. ತಲೆಯ ಮೇಲೆ ಲಾರಿ ಹಾಯುವಾಗ
ಎಲ್ಲರೂ ಮಾತು ನಿಲ್ಲಿಸುತ್ತಾರೆ,
ಹಾದ ಮೇಲೆ ಬಿಟ್ಟಲ್ಲಿಂದ ಹಿಡಿಯುತ್ತಾರೆ.

ಗಾಳೆಮ್ಮ ಮಾತ್ರ ನಿಲ್ಲಿಸಲಿಲ್ಲ.
ನನ್ನ ಕಡೆ ಕೈ ಮಾಡಿ ಏನೋ ಅಂದಳು,
ಕೇಳಿಸಲಿಲ್ಲ.