ಪಾಲಕರ ಸಹಿ

ಫರ್ಸಿ ನೆಲದ ಮ್ಯಾಲ ಎರಡು ಹಾಳಿ.
ಒಂದು ತಮ್ಮಂದು, ಒಂದು ನಂದು.
ಮಾಣಿಕ್ ಸರ್ ಮನಿಮನಿಗೆ ಬಂದು ಕೊಟ್ಟು ಹೋಗ್ಯಾರ,
ಬಾಗಿಲ ಹೊರಗೇ ನಿಂತು, ಕೈ ಉದ್ದ ಚಾಚಿ,
ಒಲಿಯಾಗಿನ ಕೆಂಡ ಕೊಟ್ಟಂಗ.

‘ಮಗ/ಮಗಳನ್ನು ಶಾಲೆಗೆ ಕಳುಹಿಸಲು ನಮ್ಮ ಒಪ್ಪಿಗೆ ಇದೆ.’
ಜೆರಾಕ್ಸಿನಾಗ ಮಸಕಾದ ಅಕ್ಷರ.
ಕೆಳಗ: ಪಾಲಕರ ಸಹಿ.
ಒಂದೇ ಗೆರಿ.
ನಮ್ಮ ಮನಿಯಾಗ ಪಾಲಕರು ಇಬ್ಬರು.

ಅಪ್ಪ ಪೆನ್ನಿನ ಟೊಪಗಿ ಬಿಚ್ಚಿದ.
ಅವ್ವ ತಮ್ಮನ ಹಾಳಿ ಮ್ಯಾಲ ರೊಟ್ಟಿಬುಟ್ಟಿ ಇಟ್ಟಳು.

ಅವ್ವ ಕಲಬುರಗಿ ದವಾಖಾನಿಯಾಗ ನೆಲ ಒರಸ್ತಾಳ.
ಬ್ಯಾಸಗಿಯಾಗ ಒರಸಿದ್ದು ಏನಂತ
ನಮಗ ಇನ್ನೂ ಹೇಳಿಲ್ಲ.
ಬಂದಕೂಡಲೆ ಹಿತ್ತಲದಾಗ ಮೈತೊಳಕೊಂಡು,
ಸೀರಿ ಕುದಿನೀರಾಗ ಅದ್ದಿ,
ಆಮ್ಯಾಲ ನಮ್ಮ ಹೆಸರು ಹಿಡದು ಕರೀತಿದ್ದಳು.
ಒಂದಿನ ಭೀಮ್ಯಾ ತಡಕೊಳ್ಳಲಾರದೆ ಓಡಿಹೋಗಿ ತೆಕ್ಕಿಬಿದ್ದ.
ಕಾಲಿನಿಂದ ದೂಡಿದಳು.
ಅವತ್ತು ರಾತ್ರಿಯೆಲ್ಲ ತನ್ನ ಕಾಲು ತಾನೇ ಹಿಡಕೊಂಡು ಕುಂತಿದ್ದಳು.

“ಉಸರು ಅಂದ್ರ ಏನಂತ ನಿನಗ ಗೊತ್ತಿಲ್ಲ,” ಅಂದಳು.

ಅಪ್ಪ ನಕ್ಕ. ನಕ್ಕಿದ್ದು ಕೆಮ್ಮಾತು.
ಶಹಾಬಾದಿನ ಪಾಲಿಶ್ ಮಶೀನಿನ ಮುಂದ
ಇಪ್ಪತ್ತು ವರ್ಷ ನಿಂತಾಂವ.
ಹುಬ್ಬು, ಅಂಗಿ, ಚಹಾದ ಬಟ್ಟಲು
ಎಲ್ಲಾ ಒಂದೇ ಬೂದಿಬಣ್ಣ.
“ಗೊತ್ತಿಲ್ಲ?” ಅಂದ.

ಸಾಲಿ ಮುಚ್ಚಿದಾಗ
ಒಂದಿಷ್ಟು ದಿನ ಹನುಮಪ್ಪನ ಗುಡಿ ಕಟ್ಟಿ ಮ್ಯಾಲ ಪಾಠ ನಡದು, ನಿಂತು ಹೋತು.
ಆಮ್ಯಾಲ ಫೋನಿನಾಗ ಅಂದರು.
ಫೋನು ಅಪ್ಪನ ಕಿಸೆದಾಗ, ಅಪ್ಪ ಕಾರಖಾನಿಯಾಗ.
ಭೀಮ್ಯಾ ಫೋನಿನ ಬೆನ್ನು ಹತ್ತಿ ಹೋದ.
ಮೊದಲ ದಿನ ಪಾಠ ಕೇಳಿದ.
ಎರಡನೇ ದಿನ, ಸುಮ್ಮನ ಕುಂತೀಯಲ್ಲ ಅಂತ,
ಕಲ್ಲು ಕೊಯ್ಯೋ ಬ್ಲೇಡಿಗೆ ನೀರು ಬಿಡೋ ಪೈಪು ಯಾರೋ ಕೈಗೆ ಕೊಟ್ಟರು.
ದಿನಕ್ಕ ನೂರು ರೂಪಾಯಿ.

ಈಗ ಫರ್ಸಿ ಬಡದು, ದನಿ ಕೇಳಿ ಹೇಳ್ತಾನ
ಯಾವುದು ಒಡೀತದ, ಯಾವುದು ತಾಳ್ತದ.
ಹದಿಮೂರರ ಮಗ್ಗಿ ಕೇಳಿದ್ರ
ದನಿಯಿಲ್ಲ.

“ಇನ್ನೆರಡು ತಿಂಗಳು ಬಿಟ್ಟರ
ಅವನ ಕೈ ಅವನ ಮಾತು ಕೇಳೂದಿಲ್ಲ.
ನಾನೂ ಹಿಂಗೇ ಹೋದಾಂವ,” ಅಂದ ಅಪ್ಪ.
“ಧೂಳಿಗೆ ಇಪ್ಪತ್ತು ವರ್ಷ ಬೇಕು,” ಅಂದಳು ಅವ್ವ,
“ಇದಕ್ಕ ಎಂಟು ದಿನ ಸಾಕು.”

ಇಬ್ಬರದೂ ಲೆಕ್ಕ ಬರೊಬ್ಬರಿ ಇತ್ತು.

ಬಾಜೂ ಮನಿ ಮಹಬೂಬಿ ಗ್ವಾಡಿ ಆಚೆಯಿಂದ ಕೂಗಿದಳು,
“ಸಣ್ಣಂಗ ಜಗಳಾಡ್ರಿ,
ನಿಮ್ಮದು ಕೇಳಿ ನಮ್ಮವರೂ ಶುರು ಮಾಡ್ಯಾರ!”

ಒಂದೀಟು ಸುಮ್ಮನಾದರು. ಆಗ ನಾ ಕೇಳಿದೆ,
“ನಂದು?”

ಅಪ್ಪ ಅವ್ವನ ಮಾರಿ ನೋಡಿದ.
ಅವ್ವ ಅಪ್ಪನ ಮಾರಿ.
“ನಿಂದು ನೋಡೋಣು,” ಅಂದರು ಇಬ್ಬರೂ ಕೂಡಿ,
ಸಾಲಿ ಪ್ರಾರ್ಥನಿ ಅಂದಂಗ, ಒಂದೇ ದನಿಲೆ.
ಅವತ್ತು ರಾತ್ರಿ ಅವರು ಒಪ್ಪಿದ್ದು ಆ ಒಂದು ಮಾತಿಗೆ.

ನಸುಕಿನಾಗ ಅವ್ವ ಟಂಟಂ ಹತ್ತಿ ಹೋದಳು.
ಅಪ್ಪ ಭೀಮ್ಯಾಗ ಎಬ್ಬಸಲಿಲ್ಲ.
ಪೈಪು ಹಿಡಿಯೋರು ಇಲ್ಲದ, ಒಬ್ಬನೇ ಹೋದ.

ರೊಟ್ಟಿಬುಟ್ಟಿ ಎತ್ತಿದೆ.
ಬಿಸಿರೊಟ್ಟಿ ಬೆವರು ಹಾಳಿಗೆ ಇಳದು
ಗೆರಿ ಮ್ಯಾಲ ಗುಂಡಗ ಒಂದು ಕಲಿ,
ಕಚೇರಿ ಸಿಕ್ಕಾ ಒತ್ತಿದಂಗ.
ಹೌದಂತೋ ಇಲ್ಲಂತೋ ಓದಾಕ ಬರೂದಿಲ್ಲ.

ನಂದು ಒಣಗೇ ಇತ್ತು.
ಈ ನೆಲ ಅಪ್ಪ ಹೊತ್ತು ತಂದ ಕಲ್ಲು,
ಅವ್ವ ದಿನಾ ಒರಸಿದ್ದು;
ಇದರ ಮ್ಯಾಲ ಇಟ್ಟು ಬರದ್ರ ಪೆನ್ನು ತೂತು ಬೀಳಸೂದಿಲ್ಲ.
ಹೆಸರು: ನೀಲಗಂಗಾ. ತರಗತಿ: ಎಂಟು.
ಅಷ್ಟು ಬರದು ಬಿಟ್ಟೆ.

ಭೀಮ್ಯಾನ ಚಾದರ ಜಗ್ಗಿ
ಮಗ್ಗಿ ಹೇಳಸಾಕ ಕುಂತೆ.
ಹದಿಮೂರೈದ್ಲೆ ಅರವತ್ತೈದರ ತನಕ ಬಂದ.
ಆರಕ್ಕ ನಿಂತ.
ದೂರ ಕಾರಖಾನಿಯಾಗ ಮಶೀನು ಶುರು ಆತು.
ತಲಿ ಓರಿ ಮಾಡಿ ಕೇಳಿದ,
“ಅಪ್ಪಂದು,” ಅಂದ,
“ಬ್ಲೇಡು ಒಣಗೇದ.”