ಷರಾ

ಕತೆ ಅಚ್ಚಾದ ಭಾನುವಾರ ಮಧ್ಯಾಹ್ನವೇ
ದೇವಸಹಾಯಂ ಬಂದರು, ಮಾರಿಕುಪ್ಪದಿಂದ, ಸೈಕಲ್ಲು ತಳ್ಳಿಕೊಂಡು.
ಕ್ಯಾರಿಯರಿನಲ್ಲಿ ಪತ್ರಿಕೆ, ಅದರ ಮೇಲೆ ಅರ್ಧ ಕೆಜಿ ಬದನೆಕಾಯಿ.
"ಚೆನ್ನಾಗೈತೆ ಟೀಚರಮ್ಮ," ಅಂದರು. "ಆದ್ರೆ ಸುಳ್ಳು."

ನಾನು ಬರೆದದ್ದು ಇಷ್ಟು:
ಚಿನ್ನದ ಗಣಿಯೊಳಗೆ ಏಳು ಸಾವಿರ ಚಿಲ್ಲರೆ ಅಡಿ ಕೆಳಗೆ
ಕಬ್ಬಿಣದ ಕೊಳವೆಗಳನ್ನು ಸೌದೆಯ ಹಾಗೆ ಪೇರಿಸಿ
ಒಂದು ಪ್ರೋಟಾನು ಸಾಯುವುದನ್ನು ಕಾಯುತ್ತಿದ್ದರು.
ಬ್ರಹ್ಮಾಂಡದ ವಯಸ್ಸಿಗಿಂತ ಅದರ ಆಯಸ್ಸು ಹೆಚ್ಚಂತೆ;
ಆದರೂ ನೂರು ಟನ್ನಿಗೂ ಮೀರಿದ ಕಬ್ಬಿಣದಲ್ಲಿ
ಯಾವುದೋ ಒಂದಕ್ಕೆ ಇವತ್ತೇ ಕಾಲ ಕೂಡಿ ಬರಬಾರದೇಕೆ?
ನನ್ನ ಕತೆಯಲ್ಲಿ ಬಂತು.
ರಾತ್ರಿ ಪಾಳಿ, ಎರಡೂಕಾಲು, ಒಂದು ನೀಲಿ ಬೆಳಕು.
ಕಂಡವನು ಒಬ್ಬನೇ, ಕೊಳವೆ ಒರೆಸುವ ಸಹಾಯಕ.
ಹೆಸರನ್ನೂ ಬದಲಿಸಿರಲಿಲ್ಲ ನಾನು.

"ನೀಲಿ ಬೆಳಕು ಎಲ್ಲಿತ್ತು? ಟ್ಯೂಬ್‌ಲೈಟು, ಅದೂ ಒಂದು ಮಿಣಮಿಣ.
ಸೆಕೆ ಅಂದ್ರೆ ಸೆಕೆ, ಬೆವರು ಬೂಟಿಗಿಳಿದು ಪಚಪಚ.
ಗ್ಯಾಸು ನೋಡು, ತಂತಿ ನೋಡು, ಬರಿ:
ದಿನಾಂಕ, ಹೊತ್ತು, ಷರಾ.
ಷರಾ ಅಂದ್ರೆ ದಿನಾಲೂ ಅದೇ, 'ಏನೂ ಇಲ್ಲ'.
ಒಂದೆರಡು ಸಲ ಗೆರೆ ಬಿತ್ತು. ದೊಡ್ಡೋರು ಓಡಿ ಬಂದ್ರು,
ಹೌದು ಅಂದ್ರು, ಇರಬೌದು ಅಂದ್ರು,
ತಿಂಗಳು ಬಿಟ್ಟು ಪಕ್ಕಕ್ಕೊಂದು ಪ್ರಶ್ನೆ ಗುರುತು ಹಾಕಿದ್ರು.
ಅದನ್ಯಾಕೆ ಅಳಿಸಿಬಿಟ್ರಿ ನೀವು?"

ಚಹಾ ಆರಿತು.
ನನ್ನ ಕಸುಬೇ ಅದು, ಮಾರಾಯರೇ:
ಪ್ರಶ್ನೆ ಗುರುತಿನ ಡೊಂಕು ಬೆನ್ನು ಹಿಡಿದು ನೆಟ್ಟಗೆ ಮಾಡಿ
ಆಶ್ಚರ್ಯದ ಗುರುತೆಂದು ಮಾರುವುದು.
ಹಾರುವ ಬಸ್ಸು ಬರೆದಿದ್ದೇನೆ, ಕನಸು ಕಾಣುವ ಯಂತ್ರ ಬರೆದಿದ್ದೇನೆ,
ಮಂಗಳ ಗ್ರಹದಲ್ಲೊಂದು ರೇಷನ್ ಅಂಗಡಿ ಕೂಡ.
ಚಿನ್ನಕ್ಕೆಂದು ತೋಡಿದ ಬಿಲದ ತಳದಲ್ಲಿ
ಏನೂ ಆಗದ್ದನ್ನು ವರ್ಷಗಟ್ಟಲೆ ಕಾದು
'ಏನೂ ಇಲ್ಲ'ದ ಕೆಳಗೆ ಸಹಿ ಹಾಕಿ, ಪಂಜರ ಹತ್ತಿ
ಮೇಲೆ ಬಂದು ಇಡ್ಲಿ ತಿನ್ನುವ ಮನುಷ್ಯ
ನನ್ನ ತಲೆಗೆ ಹೊಳೆದಿರಲಿಲ್ಲ.

"ನಮ್ಮಣ್ಣ ಆರೋಗ್ಯದಾಸ್," ಅಂದರು, ಲೋಟದೊಳಗೆ ನೋಡುತ್ತ,
"ಅದೇ ಶಾಫ್ಟು, ಬೇರೆ ಕೆಲಸ. ಡ್ರಿಲ್ಲಿಂಗು.
ಎಕ್ಸ್‌ರೇಲಿ ಎದೆ ತುಂಬ ಕಲ್ಲುಪುಡಿ.
ಡಾಕ್ಟ್ರು ಟಿ.ಬಿ. ಅಂತ ಬರೆದರು. ಒಂದೇ ಏಟಿಗೆ.
ಅಲ್ಲಿ ಯಾರಿಗೂ ಪ್ರಶ್ನೆ ಗುರುತು ಸಿಗಲಿಲ್ಲ ನೋಡಿ."

ಕಿಟಕಿಯಾಚೆ ಸೈನೈಡ್ ದಿಬ್ಬ; ಗಾಳಿ ತಿರುಗಿತ್ತು,
ಮೇಜಿನ ಮೇಲೆ, ನನ್ನ ಹೆಸರಿನ ಮೇಲೆ, ಬೂದು ಧೂಳು.
ಬೆರಳಿಂದ ಒರೆಸಿದೆ. ಮತ್ತೆ ಕೂತಿತು.

ಏಳುತ್ತ ಬದನೆಕಾಯಿ ಕೈಗಿಟ್ಟರು.
"ಹುಳ ಇದೆಯಾ?" ಅಂದೆ, ಏನಾದರೂ ಅನ್ನಬೇಕಲ್ಲ ಅಂತ.
"ಹೆಚ್ಚಿ ನೋಡಿ."

ಹೆಚ್ಚಿದೆ. ಏಳರಲ್ಲಿ ಒಂದರೊಳಗಿತ್ತು.
ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟೆ,
ದಿನಾಂಕ, ಹೊತ್ತು.